ಕಾರ್ಡಿನಲ್ಲಿ ಐದು ಹೆಸರು

೨ ಜನವರಿ ೨೦೦೫, ಭಾನುವಾರ

ಆಫೀಸಿನಲ್ಲಿ ಹೊಸ ವರ್ಷಕ್ಕೆ ಕೊಟ್ಟ ಡೈರಿ. ರಟ್ಟಿನ ಮೇಲೆ ನಮ್ಮ ಕೊರಿಯರ್ ಕಂಪನಿಯ ಹೆಸರು ಚಿನ್ನದ ಬಣ್ಣದಲ್ಲಿದೆ, ನಡುವೆ ಕೆಂಪು ರಿಬ್ಬನ್! ಮೊದಲು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಹೊಡೆದುಹಾಕಿದೆ. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಬರೆದರೆ ಯಾರೋ ನೆಂಟರ ಮನೆಗೆ ಹೋಗಿಬಂದ ಹಾಗೆ ಕಾಣುತ್ತದೆ. ಇದು ನೆಂಟರ ಮನೆಯಲ್ಲ, ನನ್ನ ಮನೆ! ಮದುವೆಯಾಗಿ ಇವತ್ತಿಗೆ ಇಪ್ಪತ್ತೊಂದು ದಿನ!

ನನ್ನ ಗಂಡ ಸುಗತ ಲಿಫ್ಟ್ ಮೆಕ್ಯಾನಿಕ್. "ನಾನಿಲ್ದಿದ್ರೆ ಎಂ.ಜಿ. ರೋಡಲ್ಲಿ ಅರ್ಧ ಜನ ಮೇಲೇ ಹೋಗಲ್ಲ" ಎನ್ನುತ್ತಾನೆ. ದಿನವೂ ಅದೇ ಜೋಕು, ದಿನವೂ ನನಗೆ ನಗು. ಏಜೆನ್ಸಿಯ ಕೆಲಸವಾದ್ದರಿಂದ ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಅಪ್ಪ ಅದಕ್ಕೇ ಮುಖ ಸಿಂಡರಿಸಿದ್ದರು. ಸುಗತನ ನಗು ನೋಡಿದ ಮೇಲೆ ಪಿಎಫ್ ಯಾರಿಗೆ ಬೇಕು!

ಜೋಗುಪಾಳ್ಯದ ಗಲ್ಲಿಯ ಕೊನೆಯ ಮನೆ ನಮ್ಮದು. ಎರಡು ಕೋಣೆ, ಒಂದು ನಡುಮನೆ, ಆರು ಜನ. ಮಾವ ಪಿಳ್ಳಪ್ಪ ಮೊದಲು ಪೇಂಟಿಂಗ್ ಕೆಲಸ ಮಾಡುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ ಈಗ ಮನೆಯಲ್ಲೇ ಇದ್ದಾರೆ. ಅವರ ತಾಯಿ ಅಯ್ಯಮ್ಮಜ್ಜಿಗೆ ಎರಡೂ ಕಣ್ಣಿಗೆ ಪೊರೆ. ನನ್ನನ್ನು ಬಳೆ ಸದ್ದಿನಿಂದ ಗುರುತಿಸುತ್ತಾರೆ. ನಾದಿನಿ ಹಂಸ ಪಿಯುಸಿ, ಚಳಿಗಾಲದಲ್ಲಿ ಉಬ್ಬಸ. ಇವರನ್ನೆಲ್ಲ ನಡೆಸುವವರು ಸುಗತನ ಅಮ್ಮ, ಚಿಕ್ಕಮುನಿಯಮ್ಮ. ಬೆಳಿಗ್ಗೆ ಐದಕ್ಕೆಲ್ಲ ಬಾಗಿಲ ಮುಂದೆ ಇಡ್ಲಿ ಪಾತ್ರೆ ಇಡುತ್ತಾರೆ, ಒಂಬತ್ತಕ್ಕೆ ಖಾಲಿ. ಇವತ್ತು ಸಹಾಯಕ್ಕೆ ಹೋಗಿ ತುರಿಮಣೆಯಲ್ಲಿ ಬೆರಳು ಕೊಯ್ದುಕೊಂಡೆ.

"ನಿನ್ನ ಇಂಗ್ಲಿಷ್ ಕೈಗೆ ಕಾಯಿ ತುರಿಯೋಕೆ ಬರಲ್ಲ ಬಿಡೇ. ಹೋಗಿ ಗಂಡನ್ನ ಎಬ್ಬಿಸು, ಅದು ಚೆನ್ನಾಗ್ ಬರುತ್ತೆ ನಿಂಗೆ!"

ಇಡ್ಲಿ ತಿನ್ನುತ್ತಿದ್ದ ಆಟೋದವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು, ಆದರೂ ಖುಷಿ!

೧೯ ಜನವರಿ

ಏನು ಹೇಳಲಿ! ನಿನ್ನೆ ಸಿ.ಎಂ.ಎಚ್. ರೋಡಿನಲ್ಲಿ ಸುಗತನ ಜೊತೆ ಎರಡು ಪ್ಲೇಟ್ ಗೋಬಿ ಮಂಚೂರಿ ತಿಂದಿದ್ದೆ. ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ವಾಂತಿ. ಸುಗತನ ಅಮ್ಮ ಓಡಿಬಂದು ಬೆನ್ನು ನೀವಿದರು. ಮುಖ ತೊಳೆದು ತಿರುಗಿದರೆ ಅವರು ನನ್ನನ್ನೇ ನೋಡುತ್ತಿದ್ದಾರೆ, ಕಣ್ಣು ತುಂಬಿದೆ.

"ಎಷ್ಟ್ ದಿನ ಆಯ್ತೇ?"

ನಾನು ಲೆಕ್ಕ ಹಾಕಿದೆ. ನಾಲ್ಕು ದಿನ ತಡವಾಗಿತ್ತು. ನಾಚಿಕೆಯಿಂದ ನಾಲ್ಕು ಬೆರಳು ತೋರಿಸಿದೆ. ಅವರು ಹಿಟ್ಟಿನ ಕೈಯನ್ನೇ ನನ್ನ ತಲೆಯ ಮೇಲೆ ಇಟ್ಟುಬಿಟ್ಟರು!

ಗೋಬಿಯ ವಿಷಯ ಬಾಯಿಗೆ ಬಂದಿತ್ತು. ಇರಲಿ, ನಿಜವೂ ಆಗಿರಬಹುದಲ್ಲ?

೨೬ ಜನವರಿ

ರಜ. ಬಟ್ಟೆ ಒಣಹಾಕಲು ಮಹಡಿಗೆ ಹೋದರೆ, ಕೊನೆಯ ಹಗ್ಗದಲ್ಲಿ, ಮಾವನ ಪಂಚೆಯ ಮರೆಯಲ್ಲಿ, ಹಳೆಯ ವಾಯಿಲ್ ಸೀರೆಯೊಂದನ್ನು ಚೌಕ ಚೌಕವಾಗಿ ಹರಿದು ಹರವಿದ್ದಾರೆ. ಹತ್ತು ಹನ್ನೆರಡು ತುಂಡು. ಮಗುವಿಗೆ! ನನಗೆ ಹೇಳದೆ, ಗುಟ್ಟಾಗಿ ಮಗುವಿನ ಬಟ್ಟೆ ತಯಾರಾಗುತ್ತಿದೆ! ನೋಡಿಯೂ ನೋಡದವಳ ಹಾಗೆ ಕೆಳಗಿಳಿದೆ. ಸುಗತನಿಗೆ ಹೇಳಿದರೆ "ಈ ನಮ್ಮಮ್ಮಂಗೆ ಅರ್ಜೆಂಟು" ಎಂದು ನಕ್ಕ. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ!

೩ ಫೆಬ್ರವರಿ

ಆಫೀಸಿನಲ್ಲಿ ಮುಟ್ಟಾದೆ.

ಯಾರಿಗೂ ಹೇಳಿಲ್ಲ. ಅತ್ತೆ ನನಗೆಂದು ಎತ್ತಿಟ್ಟಿದ್ದ ದಾಳಿಂಬೆ ತಿಂದೆ. ಭಾನುವಾರ ಹೇಳುತ್ತೇನೆ. ಇನ್ನೆರಡು ದಿನ ಹೀಗೇ ಇರಲಿ.

೬ ಫೆಬ್ರವರಿ, ಭಾನುವಾರ

ಹೇಳಲಾಗಲಿಲ್ಲ, ಮನೆ ತುಂಬ ಜನ. ಅತ್ತೆಯ ಮಹಿಳಾ ಸಂಘಕ್ಕೆ ಆರೋಗ್ಯ ವಿಮೆ ಬಂದಿದೆಯಂತೆ! ಸಂಘದ ಅಧ್ಯಕ್ಷೆ ಪಟಾಲಮ್ಮ ಫಾರಂಗಳ ಕಟ್ಟನ್ನೇ ಹೊತ್ತು ತಂದರು. ಎಲ್ಲ ಇಂಗ್ಲಿಷಿನಲ್ಲಿವೆ. ಯಾರಿಗೂ ಬರುವುದಿಲ್ಲ. ಇಡೀ ಗಲ್ಲಿಯ ಫಾರಂ ತುಂಬುವ ಕೆಲಸ ನನಗೆ! ಎಂಟು ಮನೆಯದು ಇವತ್ತೇ ಮುಗಿಸಿದೆ. ಪಕ್ಕದ ಮನೆಯ ವಾಜಿದಾ ಆಂಟಿ ನನ್ನ ಅಕ್ಷರ ನೋಡಿ "ಏನ್ ಬೇಟಿ, ಮುತ್ತು ಪೋಣಿಸ್ದಂಗೆ ಬರೀತೀಯಾ!" ಎಂದರು.

ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿಲ್ಲ, ಬಾಣಸವಾಡಿಯ ಅಪ್ಪನ ಕಾರ್ಡಿನಿಂದಲೂ ತೆಗೆಸಿ ಆಯಿತು. ಈ ಮನೆಯ ಕಾಗದವೊಂದರಲ್ಲಿ ನನ್ನ ಹೆಸರು ಬರುವುದು ಇದೇ ಮೊದಲು. ವಾಜಿದಾ ಆಂಟಿಗೂ ಪಟಾಲಮ್ಮನಿಗೂ ಅದನ್ನೇ ಹೇಳಿಕೊಂಡು ಕುಣಿದೆ. ಅತ್ತೆ ಒಲೆಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು.

೧೩ ಫೆಬ್ರವರಿ, ಭಾನುವಾರ

ವಿಮೆಯ ಕಡೆಯಿಂದ ಅಂಜನಮೂರ್ತಿ ಎನ್ನುವವರು ಬಂದಿದ್ದರು. ಸಂಘದ ಜಗಲಿಯಲ್ಲಿ ಮೇಜು, ಫೋಟೋ ತೆಗೆಯುವವನು, ಹೆಬ್ಬೆಟ್ಟಿಗೆ ಮಸಿ. ನಮ್ಮ ಸರದಿ ಬಂದಾಗ ತಿಳಿಯಿತು: ಮನೆಗೊಂದು ಕಾರ್ಡ್, ಕಾರ್ಡಿಗೆ ಐದೇ ಹೆಸರು.

"ಸರ್, ನಾವು ಆರು ಜನ. ಇನ್ನೊಂದು ಕಾರ್ಡ್ ಮಾಡ್ಬೋದಲ್ವಾ?"

"ಒಂದು ರೇಷನ್ ಕಾರ್ಡಿಗೆ ಒಂದೇ ಕಾರ್ಡಮ್ಮ. ಯಾರಾದ್ರೂ ಒಬ್ರನ್ನ ಬಿಡಿ. ಮುಂದಿನ ಫೆಬ್ರವರಿಗೆ ಮತ್ತೆ ಬರ್ತೀವಲ್ಲ, ಆವಾಗ ಬದಲಾಯಿಸ್ಕೊಳ್ಳಿ."

ಮಾವನ ಕಾಲು, ಅಜ್ಜಿಯ ಕಣ್ಣು, ಹಂಸಳ ಉಬ್ಬಸ, ಲಿಫ್ಟಿನ ಬಾವಿಯಲ್ಲಿ ನೇತಾಡುವ ಸುಗತ. ಯಾರನ್ನು ಬಿಡುವುದು? ಅತ್ತೆಯೇ ನಕ್ಕರು.

"ನನ್ನ ಬಿಡ್ರಿ. ಕಲ್ಲು ಗುಂಡಂಗಿದೀನಿ. ಎರಡ್ ಹೆತ್ತಿದೀನಿ, ಆಸ್ಪತ್ರೆ ಮೆಟ್ಲು ಹತ್ತಿಲ್ಲ. ನಮ್ ಹುಡುಗೀದು ಬರೀರಿ, ಅವಳಿಗೆ ಮುಂದೆ ಬೇಕಾಗುತ್ತೆ."

ಪಟಾಲಮ್ಮ "ಲೇ ಮುನಿಯಮ್ಮ, ನೀನೇ..." ಎಂದು ಏನೋ ಹೇಳಹೊರಟರು. ಅತ್ತೆ ಅವರ ಕೈ ಹಿಚುಕಿದರು. ಎಲ್ಲರೂ ನನ್ನ ಹೊಟ್ಟೆಯತ್ತ ನೋಡಿ ನಗುತ್ತಿದ್ದರು. ಅಷ್ಟು ಜನರ ಮುಂದೆ ಏನೆಂದು ಹೇಳಲಿ? ಐದನೆಯ ಸಾಲಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ: ಬೃಂದಾ. ಗಂಡನ ಹೆಸರು: ಸುಗತ. ಎಷ್ಟು ಚೆನ್ನಾಗಿ ಕಂಡಿತು!

೧೬ ಫೆಬ್ರವರಿ

ಕೊನೆಗೂ ಹೇಳಿದೆ. ಈಗಷ್ಟೇ ಮುಟ್ಟಾದೆ ಎಂಬಂತೆ ಹೇಳಿದೆ. ಅತ್ತೆ ಅಕ್ಕಿ ತೊಳೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಇರ್ಲಿ ಬಿಡು. ಈ ತಿಂಗ್ಳು ಇಲ್ದಿದ್ರೆ ಮುಂದಿನ್ ತಿಂಗ್ಳು. ನಿಂಗೇನ್ ವಯಸ್ಸಾಯ್ತಾ?"

ಬೈಯಲಿಲ್ಲ! ನಾನೇ ಎರಡು ವಾರ ಸುಮ್ಮನೆ ಒದ್ದಾಡಿದೆ.

೪ ಏಪ್ರಿಲ್

ಕಾರ್ಡ್ ಬಂತು! ಪ್ಲಾಸ್ಟಿಕ್ ಹಾಳೆಯೊಳಗೆ ಐದು ಜನರ ಪುಟ್ಟ ಫೋಟೋ. ನನ್ನದರಲ್ಲಿ ಕಣ್ಣು ಅರ್ಧ ಮುಚ್ಚಿದೆ, ಆದರೂ ಮುದ್ದಾಗಿದೆ. ಮಧ್ಯಾಹ್ನವೇ ಬಾಣಸವಾಡಿಗೆ ಹೋಗಿ ಅಮ್ಮನಿಗೆ ತೋರಿಸಿದೆ. "ನಿಮ್ಮತ್ತೆ ಎಲ್ಲೇ?" ಎಂದು ಅಮ್ಮ ಕೇಳಿದಳು. ವಿಷಯ ಹೇಳಿದೆ. ಅಮ್ಮ ಕಾರ್ಡನ್ನು ತಿರುಗಿಸಿ ನೋಡಿ, "ಪುಣ್ಯಾತ್ಗಿತ್ತಿ" ಎಂದು ವಾಪಸು ಕೊಟ್ಟಳು. ಅದೇಕೋ ಅವಳಿಗೆ ನನ್ನಷ್ಟು ಖುಷಿಯಾದಂತೆ ಕಾಣಲಿಲ್ಲ.

೨೨ ಮೇ, ಭಾನುವಾರ

ಅಜ್ಜಿಯ ಒಂದು ಕಣ್ಣಿನ ಪೊರೆ ಕಾರ್ಡಿನಲ್ಲೇ ತೆಗೆಸಿದೆವು. ಕಟ್ಟು ಬಿಚ್ಚಿದ ದಿನ ನನ್ನ ಮುಖ ಹಿಡಿದು, "ಇಷ್ಟ್ ಕರ್ರಗಿದೀಯೇನೇ! ಬಳೆ ಕೇಳಿ ಬೆಳ್ಳಗಿರ್ಬೋದು ಅನ್ಕೊಂಡಿದ್ದೆ" ಎಂದರು. ಮನೆಯೆಲ್ಲ ನಕ್ಕಿತು. ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು.

ಈಗೀಗ ಅವರು ಇಡ್ಲಿಯನ್ನು ಸ್ಟೂಲಿನ ಮೇಲೆ ಕುಳಿತೇ ಹಾಕುತ್ತಾರೆ. ರವಿಕೆ ತೋಳಿನಲ್ಲಿ ಜೋಲುತ್ತಿದೆ. ಬಚ್ಚಲಿಗೆ ಹೋಗಿಬಂದರೆ ಎರಡೆರಡು ಊದುಬತ್ತಿ ಹಚ್ಚಿಡುತ್ತಾರೆ, ಆ ಹೊಗೆಗೆ ಹಂಸಳಿಗೆ ಕೆಮ್ಮು. "ಅತ್ತೆ, ಇದೇನು ದರ್ಗಾನಾ?" ಎಂದು ರೇಗಿಸಿದೆ.

೯ ಜುಲೈ, ಶನಿವಾರ

ಬೆಳಿಗ್ಗೆ ಅತ್ತೆ ಇಡ್ಲಿ ಪಾತ್ರೆಯ ಪಕ್ಕದಲ್ಲೇ ಕುಸಿದರು. ಎತ್ತಲು ಹೋದಾಗ ಸ್ಟೂಲಿನ ಮೇಲೆಲ್ಲ ರಕ್ತ, ಸೀರೆಯಲ್ಲಿ ರಕ್ತ. ಆಟೋದವರು ಮುಖ ತಿರುಗಿಸಿಕೊಂಡು ನಿಂತರು. ವಾಜಿದಾ ಆಂಟಿ ಓಡಿಬಂದು ತಮ್ಮ ದುಪಟ್ಟಾ ಹೊದಿಸಿದರು.

ಅತ್ತೆಯನ್ನು ಒಳಗೆ ಮಲಗಿಸಿದ ಮೇಲೆ ಆಂಟಿ ನನ್ನನ್ನು ಬಚ್ಚಲ ಹತ್ತಿರ ಕರೆದರು.

"ಬೇಟಿ, ಎಂಟ್ ತಿಂಗ್ಳಾಯ್ತು. ಮುಟ್ಟು ನಿಂತು ಮೂರ್ ವರ್ಷ ಆದ್ಮೇಲೆ ಮತ್ತೆ ಶುರು ಆಗಿತ್ತು. ನಿಮ್ ಮದುವೆ ಟೈಮಲ್ಲೇ. ಡಾಕ್ಟರ್‌ಗೆ ತೋರ್ಸು ಅಂತ ಎಷ್ಟ್ ಸಲ ಬಡ್ಕೊಂಡೆ. ಕಾರ್ಡ್ ಬರ್ಲಿ, ಕಾರ್ಡ್ ಬರ್ಲಿ ಅಂದ್ಳು. ಕಾರ್ಡ್ ಬಂದ್ಮೇಲೆ, ಮುಂದಿನ ವರ್ಷ ನನ್ ಹೆಸ್ರು ಹಾಕ್ಸಿ ತೋರಿಸ್ತೀನಿ ಅಂದ್ಳು. ಹಳೇ ಸೀರೆ ಹರ್ಕೊಂಡ್ ಹರ್ಕೊಂಡ್ ಮನೇಲಿ ಸೀರೆನೇ ಇಲ್ಲ ಅವಳ್ದು."

ವಾಯಿಲ್ ಸೀರೆಯ ಚೌಕಗಳು. ಹನ್ನೆರಡು ತುಂಡು. ಮಾವನ ಪಂಚೆಯ ಮರೆಯಲ್ಲಿ.

೧೧ ಜುಲೈ

ಕಾರ್ಡ್ ನಡೆಯುವ ನರ್ಸಿಂಗ್ ಹೋಮಿಗೇ ಕರೆದೊಯ್ದೆವು. ಡಾಕ್ಟರಮ್ಮ ನೋಡಿ, ಪರೀಕ್ಷೆಗೆ ತುಂಡು ತೆಗೆದು ಕಳಿಸಿದರು. ಗರ್ಭಕೋಶದ ಬಾಯಿಯಲ್ಲಿ ಗಡ್ಡೆ. ಬೇಗ ಆಪರೇಷನ್ ಆದರೆ ಉಳಿಯಬಹುದು, ಬಿಟ್ಟರೆ ಹರಡುತ್ತದೆ ಎಂದರು. ನನಗೆ ಇಂಗ್ಲಿಷ್ ಬರುತ್ತದೆಂದು ನನಗೊಬ್ಬಳಿಗೇ ಹೇಳಿದರು. ಮನೆಯವರಿಗೆ ಕನ್ನಡದಲ್ಲಿ ನಾನು ಹೇಳಬೇಕಾಯಿತು.

೧೪ ಜುಲೈ

ಅಂಜನಮೂರ್ತಿಯವರನ್ನು ಹುಡುಕಿಕೊಂಡು ನಾನೂ ಪಟಾಲಮ್ಮನೂ ಶಿವಾಜಿನಗರದ ಅವರ ಆಫೀಸಿಗೆ ಹೋದೆವು. ನನ್ನ ಹೆಸರು ತೆಗೆದು ಅತ್ತೆಯ ಹೆಸರು ಹಾಕಿ ಎಂದೆ. ಅವರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಕೂರಿಸಿದರು. ನಿಯಮದ ಪುಸ್ತಕ ನನ್ನ ಕಡೆಗೇ ತಿರುಗಿಸಿದರು.

"ನೀವೇ ಓದ್ಕೊಳ್ಳಮ್ಮ. ವರ್ಷದ ಮಧ್ಯೆ ಬದಲಾವಣೆ ಇಲ್ಲ. ಕಾಯಿಲೆ ಬಂದ್ಮೇಲೆ ಎಲ್ರೂ ಹೆಸ್ರು ಹಾಕ್ಸಿದ್ರೆ ಸ್ಕೀಮ್ ಮುಚ್ಚಬೇಕಾಗುತ್ತೆ. ಹೊಸದಾಗಿ ಹುಟ್ಟಿದ ಮಗು ಇದ್ರೆ ಮಾತ್ರ ಆರನೇ ಹೆಸ್ರಾಗಿ ಸೇರಿಸ್ಬೋದು."

ಪುಸ್ತಕದಲ್ಲಿ ಹಾಗೆಯೇ ಇತ್ತು. ಮಗುವಿಗೆ ಜಾಗವಿದೆ.

ಬಸ್ಸಿನಲ್ಲಿ ಪಟಾಲಮ್ಮ ಕಿಟಕಿಯ ಕಡೆ ತಿರುಗಿ ಅತ್ತರು. "ಈ ಸ್ಕೀಮ್ ತರ್ಸು ಪಟಾಲಕ್ಕ, ತರ್ಸು ಪಟಾಲಕ್ಕ ಅಂತ ಆರ್ ತಿಂಗ್ಳು ನನ್ ಪ್ರಾಣ ತಿಂದೋಳೇ ಅವಳು. ಆವತ್ತು ಹೇಳೋಕ್ ಹೋದ್ರೆ ಕೈ ಹಿಚುಕಿದ್ಳು."

೧೬ ಜುಲೈ

ನರ್ಸಿಂಗ್ ಹೋಮಿನ ಕೌಂಟರಿನಲ್ಲಿದ್ದವರೊಬ್ಬರು ಸುಗತನನ್ನು ಪಕ್ಕಕ್ಕೆ ಕರೆದು ದಾರಿಯೊಂದನ್ನು ಹೇಳಿದರಂತೆ. ನನ್ನ ಹೆಸರಿನಲ್ಲಿ ಅಡ್ಮಿಟ್ ಮಾಡುವುದು, ಮಲಗುವುದು ಅತ್ತೆ. ಫೋಟೋ ಯಾರು ಅಷ್ಟು ನೋಡುತ್ತಾರೆ? ಸುಗತ ಒಪ್ಪಿಕೊಂಡೇ ಬಂದಿದ್ದ. ನಾನೂ ಒಪ್ಪಿದೆ. ಹೆಬ್ಬೆಟ್ಟು ಬೇಕಾದರೆ ಹತ್ತು ಸಲ ಒತ್ತುತ್ತೇನೆ ಎಂದೆ. ಮಾವ ಗೋಡೆಯ ಮೇಲಿನ ಬುದ್ಧನ ಪಟ ನೋಡುತ್ತಾ ಕುಳಿತಿದ್ದರು, ಬೇಡ ಎನ್ನಲಿಲ್ಲ.

ಅತ್ತೆ ಹಾಸಿಗೆಯಲ್ಲಿ ಎದ್ದು ಕುಳಿತರು.

"ಏನೋ ಸುಗತ, ತಲೆ ನೆಟ್ಟಗಿದೆಯೇನೋ? ಬೃಂದಾ ಅನ್ನೋಳಿಗೆ ಗರ್ಭಕೋಶ ತೆಗ್ದಾಯ್ತು ಅಂತ ಅಲ್ಲಿ ಬರ್ಕೋತಾರೆ. ನಾಳೆ ಇವಳು ಹೆರಿಗೆಗೆ ಹೋದ್ರೆ ಏನಂತಾರೆ? ಗರ್ಭಕೋಶನೇ ಇಲ್ದೋಳಿಗೆ ಮಗು ಎಲ್ಲಿಂದ ಬಂತು ಅಂತ ಬಾಗ್ಲಿಂದ ಆಚೆ ಹಾಕ್ತಾರೆ."

"ಅಮ್ಮಾ, ಅದು ಆವಾಗ ನೋಡ್ಕೊಳ್ಳೋಣ."

"ನೀನ್ ನೋಡ್ಕೋತೀಯ, ಹೆರೋಳು ಅವಳು. ಹುಡ್ಗಿ ಹೆಸ್ರಲ್ಲಿ ನಂಗೆ ಏನೂ ಬೇಡ."

ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ನಾಳೆಗೆ ಉದ್ದು ನೆನೆಹಾಕಿದೀಯಾ ಎಂದು ಕೇಳಿದರು.

೨೮ ಜುಲೈ

ದೊಡ್ಡ ಸರ್ಕಾರಿ ಆಸ್ಪತ್ರೆ. ಚೀಟಿಗೆ ಒಂದು ಸಾಲು, ಸ್ಕ್ಯಾನಿಗೆ ಇನ್ನೊಂದು. ಆಪರೇಷನ್ನಿಗೆ ಸೆಪ್ಟೆಂಬರ್ ಒಂಬತ್ತನೆಯ ತಾರೀಕು ಕೊಟ್ಟಿದ್ದಾರೆ. ಅಷ್ಟು ತಡವೇ ಎಂದರೆ, ಆ ಡಾಕ್ಟರು ನಮ್ಮ ಹಿಂದೆ ನಿಂತವರನ್ನು ಕೈಯಿಂದ ತೋರಿಸಿದರು. ತಿರುಗಿ ನೋಡಿದೆ. ಕೋಲಾರದಿಂದ, ಹೊಸಕೋಟೆಯಿಂದ, ಎಲ್ಲೆಲ್ಲಿಂದಲೋ ಬಂದ ಹೆಂಗಸರು. ಎಲ್ಲರ ಕಂಕುಳಲ್ಲೂ ಬಟ್ಟೆಯ ಚೀಲ.

ಇಡ್ಲಿ ನಾನೇ ಹಾಕುತ್ತಿದ್ದೇನೆ. ಆಫೀಸಿಗೆ ಅರ್ಧ ದಿನ.

೯ ಸೆಪ್ಟೆಂಬರ್

ಆಪರೇಷನ್ ಇಲ್ಲ. ಹರಡಿದೆ. ರೇಡಿಯೇಷನ್ ಕರೆಂಟು ಕೊಡುತ್ತಾರಂತೆ.

೨೧ ಸೆಪ್ಟೆಂಬರ್

ವಾರಕ್ಕೆ ಐದು ದಿನ ಕರೆಂಟು. ಮುಗಿಸಿ ಮರದ ಕೆಳಗೆ ಕೂರಿಸಿಕೊಂಡು ಗಂಜಿ ಕುಡಿಸಿ, ಆಟೋ ಹತ್ತಿಸುತ್ತೇನೆ. ಇವತ್ತು ಗಂಜಿ ಎರಡು ಚಮಚ ಮಾತ್ರ ಇಳಿಯಿತು.

ಅಲ್ಲೇ ಹೇಳಿಬಿಟ್ಟೆ. ಫಾರಂ ತುಂಬುವ ಹತ್ತು ದಿನ ಮೊದಲೇ ನಾನು ಮುಟ್ಟಾಗಿದ್ದೆ, ಬೇಕೆಂದೇ ಹೇಳಲಿಲ್ಲ, ನೀವು ಕೊಡುತ್ತಿದ್ದ ದಾಳಿಂಬೆಯ ಆಸೆಗೆ ಸುಮ್ಮನಿದ್ದೆ ಎಂದೆ. ನೀವು ಇಲ್ಲದ ಮಗುವಿಗೆ ನಿಮ್ಮ ಜಾಗ ಕೊಟ್ಟಿರಿ ಎಂದೆ. ಅವರ ಕಾಲು ಹಿಡಿದುಕೊಂಡೆ. ಓಡಾಡುವವರು ನೋಡುತ್ತಿದ್ದರು.

"ಏಳೇ ಮೇಲೆ. ನಂಗ್ ಗೊತ್ತಿತ್ತು."

ನಾನು ತಲೆ ಎತ್ತಿದೆ.

"ನಿನ್ ಲಂಗದ ಕಲೆ ಪೂರ್ತಿ ಹೋಗಿರ್ಲಿಲ್ಲ. ಹಗ್ಗದ ಮೇಲಿಂದ ತೆಗ್ದು ನಾನೇ ಇನ್ನೊಂದ್ಸಲ ಉಜ್ಜಿದ್ದು. ಮನೇಲಿ ರಕ್ತದ ಕಲೆ ನನಗಿಂತ ಚೆನ್ನಾಗ್ ಯಾರಿಗೆ ಗೊತ್ತಾಗುತ್ತೆ ಹೇಳು?"

"ಮತ್ಯಾಕೆ ಅಮ್ಮ? ಗೊತ್ತಿದ್ದೂ ಯಾಕೆ ನನ್ ಹೆಸ್ರು?"

ಕಾಲು ಹಿಡಿದಿದ್ದ ನನ್ನ ಕೈ ಬಿಡಿಸಿದರು. "ಕಾಗದ್ದಲ್ಲಿ ನನ್ ಹೆಸ್ರು ಬರುತ್ತೆ ಅಂತ ಗಲ್ಲಿಯೆಲ್ಲ ಹೇಳ್ಕೊಂಡ್ ಕುಣೀತಿದ್ಯಲ್ಲ. ಬಂದು ಎರಡ್ ತಿಂಗ್ಳಾಗಿತ್ತು. ನಿನ್ ಹೆಸ್ರು ಬಿಡು ಅಂತ ಯಾವ ಬಾಯಲ್ಲಿ ಹೇಳ್ಲಿ? ಮುಖ ಸಪ್ಪಗಾಗ್ತಿತ್ತು." ಆಮೇಲೆ, "ಒಂದ್ ವರ್ಷ ತಡ್ಕೊಳ್ಳುತ್ತೆ ಅನ್ಕೊಂಡೆ ಕಣೇ. ತಡ್ಕೊಳ್ಲಿಲ್ಲ ಅದು" ಎಂದರು, ಇಡ್ಲಿ ಹಿಟ್ಟು ಹುಳಿ ಬಂದದ್ದನ್ನು ಹೇಳುವ ಹಾಗೆ.

೧೭ ಅಕ್ಟೋಬರ್

ಅಮ್ಮನಿಗೆ ನೋವು. ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಹಾಸಿಗೆಗೆ ಹಾಕಲು ನನ್ನ ಹತ್ತಿಯ ಸೀರೆಗಳನ್ನು ಹರಿಯುತ್ತಿದ್ದೇನೆ. ಮಹಡಿಯ ಮೇಲೆ ಎದುರಿನ ಹಗ್ಗದಲ್ಲೇ ಒಣಹಾಕುತ್ತೇನೆ.

೩೦ ಅಕ್ಟೋಬರ್

ಅಯ್ಯಮ್ಮಜ್ಜಿ ತಮ್ಮ ಒಂದು ಕಣ್ಣಿನಲ್ಲಿ ಸೊಸೆಯನ್ನೇ ನೋಡುತ್ತ ಕೂರುತ್ತಾರೆ. "ನನ್ ಕಣ್ ತಗೊಂಡ್ ನಾನೇನ್ ಮಾಡ್ಲಿ, ಇದ್ನ ನೋಡೋಕಾ" ಎಂದರು.

೬ ನವೆಂಬರ್

ಅಮ್ಮ ಹೋದರು. ಬೆಳಿಗ್ಗೆ ಹತ್ತು ಗಂಟೆಗೆ.

೧೨ ಫೆಬ್ರವರಿ ೨೦೦೬, ಭಾನುವಾರ

ಈ ವರ್ಷ ಆಫೀಸಿನಿಂದ ಹೊಸ ಡೈರಿ ಸಿಕ್ಕಿಲ್ಲ, ನಾನು ಈಗ ಅಲ್ಲಿಲ್ಲ. ಇದರ ಹಿಂದಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಇಡ್ಲಿ ಒಂಬತ್ತಕ್ಕೆ ಖಾಲಿಯಾಯಿತು. ಕೈ ತೊಳೆದುಕೊಂಡು ಸಂಘಕ್ಕೆ ಹೋದೆ. ಅದೇ ಮೇಜು, ಅದೇ ಮಸಿ. ಫಾರಂ ಈ ಸಲ ಕನ್ನಡದಲ್ಲೂ ಇದೆ. ಆದರೂ ಗಲ್ಲಿಯವರು ನನ್ನ ಹತ್ತಿರವೇ ಬಂದರು. ಪ್ರತಿ ಮನೆಯವರನ್ನೂ ಕೇಳಿದೆ: ಬಿಟ್ಟಿರುವುದು ಯಾರನ್ನು, ಯಾಕೆ? ಅವರನ್ನೇ ಕರೆಸಿ, ಮೈಯಲ್ಲಿ ಏನಾದರೂ ಇದೆಯೇ ಎಂದು ಪಕ್ಕಕ್ಕೆ ಕರೆದು ಕೇಳಿದೆ. ನಮ್ಮ ಗಲ್ಲಿಯ ಅಹ್ಮದ್ ಪಾಷಾ ತಮ್ಮ ಹೆಂಡತಿಯ ಹೆಸರು ಬಿಡಿಸಲು ಬಂದಿದ್ದರು. ಜಗಳ ಮಾಡಿ ಬರೆಸಿದೆ. ಆಕೆಯ ಬದಲು ಅವರ ಮಗನ ಹೆಸರು ಹೋಯಿತು. ಅವನಿಗೆ ಏನೂ ಆಗದಿರಲಿ.

ಕೊನೆಗೆ ನಮ್ಮದು. ಮೊದಲ ಸಾಲಿನಲ್ಲಿ ಕೈ ತಾನಾಗಿ ಚಿಕ್ಕಮುನಿಯಮ್ಮ ಎಂದು ಬರೆದುಬಿಟ್ಟಿತು. ಅಂಜನಮೂರ್ತಿ ನೋಡಿದರು. ಹೊಸ ಫಾರಂ ಕೊಟ್ಟು, ಸಮಾಧಾನಕ್ಕೆಂದೇ ಇರಬೇಕು, ಮೆಲ್ಲಗೆ ಹೇಳಿದರು:

"ಈ ಸಲ ನಿಮ್ಮನೇದು ತೊಂದ್ರೆ ಇಲ್ಲಮ್ಮ. ಸರಿಯಾಗಿ ಐದು ಜನ."

ಮಾವ, ಅಜ್ಜಿ, ಸುಗತ, ಹಂಸ, ನಾನು. ಬರೆದುಕೊಟ್ಟೆ. ಮೊದಲ ಫಾರಂ ವಾಪಸು ಕೇಳಿದರು, ಲೆಕ್ಕಕ್ಕೆ ಬೇಕಂತೆ. ಹರಿದುಹೋಯಿತು ಎಂದೆ. ಮಡಿಸಿ ಇದರೊಳಗೆ ಇಟ್ಟಿದ್ದೇನೆ, ಕೆಂಪು ರಿಬ್ಬನ್ನಿನ ಹತ್ತಿರ. ಅದರಲ್ಲಿ ಒಂದೇ ಹೆಸರಿದೆ, ಕೆಳಗೆ ನಾಲ್ಕು ಸಾಲು ಖಾಲಿ.